ಹಾಲಿನವನಿಗೆ ಮೋಸ ಕಲಿಸಿದ್ದು

೧. ಗಾರೆ

ಯಡಿಯೂರಿನ ಹಾಲಿನವನು ಮೊದಲ ದಿನವೇ ಗಾರೆಗೆ ಇಳಿದ.

ಜಯನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ಒಂದು ಖಾಲಿ ಜಾಗದಲ್ಲಿ ಗೆರೆ ಎಳೆದು ಸಂಜೆ ಹೊತ್ತು ಹುಡುಗರಿಗೆ ಕಬಡ್ಡಿ ಹೇಳಿಕೊಡುತ್ತಿದ್ದೆ. ಹಗಲು ಆಫೀಸು. ಈ ಹಾಲಿನವನು ನಮ್ಮ ಮನೆಗೂ ಹಾಲು ಹಾಕುತ್ತಿದ್ದ. ಇಪ್ಪತ್ತು ದಾಟಿದ ಗಟ್ಟಿ ಆಳು. ಒಂದು ಸಂಜೆ ಬಂದು ಎದುರಿಗೆ ನಿಂತ.

“ಸಾರ್, ನನಗೂ ಕಲಿಸಿ.”

“ಯಾಕೆ?”

“ಕಬಡ್ಡಿ ಆಡೋರಿಗೆ ಕಾರ್ಖಾನೇಲಿ ಕೆಲಸ ಕೊಡ್ತಾರಂತೆ.”

“ಎಮ್ಮೆ ಇದೆಯಲ್ಲ.”

“ಎಮ್ಮೆ ಇದೆ ಸಾರ್. ಹೆಣ್ಣು ಕೊಡ್ತಿಲ್ಲ.”

ಸುದ್ದಗುಂಟೆಪಾಳ್ಯದ ಒಬ್ಬ ಹುಡುಗಿಯನ್ನು ನೋಡಿ ಬಂದಿದ್ದರು. ಇವನಿಗೆ ಒಪ್ಪಿಗೆ. ಅವಳಿಗೂ ಒಪ್ಪಿಗೆ. ಅವಳ ಅಪ್ಪ ಮಾತ್ರ, ಪ್ಯಾಂಟು ಹಾಕುವ ಕೆಲಸ ಸಿಕ್ಕಿದರೆ ಮದುವೆ, ಇಲ್ಲದಿದ್ದರೆ ಬೇರೆ ಗಂಡು ನೋಡುತ್ತೇನೆ ಎಂದಿದ್ದ. ಕಾರ್ಖಾನೆಯ ಆಯ್ಕೆ ಪಂದ್ಯ ದೀಪಾವಳಿ ಕಳೆದ ಮೇಲೆ.

ಹಿಡಿಯುವುದನ್ನು ಅವನಿಗೆ ಕಲಿಸಬೇಕಾಗಿರಲಿಲ್ಲ. ಹಾಲು ಕರೆದ ಕೈ. ಹಿಡಿದರೆ ಮುಗಿಯಿತು. ಆದರೆ ಹಿಡಿಯುವವರು ಕಾರ್ಖಾನೆಯಲ್ಲಿ ಬೇಕಾದಷ್ಟಿದ್ದರು. ಅವರಿಗೆ ಬೇಕಾಗಿದ್ದವನು ದಾಳಿಗೆ ಹೋಗುವವನು. ‘ಕಬಡ್ಡಿ ಕಬಡ್ಡಿ’ ಎನ್ನುತ್ತ ಒಂದೇ ಉಸಿರಿನಲ್ಲಿ ಎದುರಿನವರ ನಡುವೆ ನುಗ್ಗಿ, ಒಬ್ಬನನ್ನು ಮುಟ್ಟಿ, ಸಿಕ್ಕಿಬೀಳದೆ ವಾಪಸು ಬರುವವನು. ಅದಕ್ಕೆ ಕಾಲಿನ ಶಕ್ತಿ ಸಾಲದು. ಮೋಸ ಬೇಕು. ಇವನಿಗೆ ಅದೊಂದು ಬರುತ್ತಿರಲಿಲ್ಲ. ಎಡಕ್ಕೆ ಹೋಗಬೇಕೆಂದರೆ ಮೊದಲು ಕಣ್ಣು ಎಡಕ್ಕೆ ಹೋಗುತ್ತಿತ್ತು. ಕಣ್ಣಿನ ಹಿಂದೆ ತಲೆ, ತಲೆಯ ಹಿಂದೆ ಭುಜ. ಮೈ ಅಲ್ಲಿಗೆ ಹೋಗಿ ಮುಟ್ಟುವ ಹೊತ್ತಿಗೆ ಏಳು ಜನ ಅಲ್ಲಿ ಕಾದಿರುತ್ತಿದ್ದರು.

“ಎಡಕ್ಕೆ ನೋಡು. ಬಲಕ್ಕೆ ಹೋಗು,” ಎಂದೆ.

ನೋಡಿದ. ಹೋದ. ನೋಡುತ್ತಲೇ ಹೋದ. ಗೆರೆ ದಾಟಿದ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರು. ಕಲಸಿಟ್ಟ ಗಾರೆಯೊಳಗೆ ಮೊಳಕಾಲುದ್ದ ಇಳಿದು ನಿಂತ. ಮುಖ ಆಗಲೂ ಎಡಕ್ಕೇ ಇತ್ತು.

“ಯಾವನೋ ಅವನು ನನ್ನ ಗಾರೆ ತುಳಿಯೋನು!” ಎಂದು ಮೇಸ್ತ್ರಿ ಕರಣೆ ಹಿಡಿದು ಓಡಿಬಂದ.

“ಈಚೆ ಬಾರೋ,” ಎಂದೆ.

“ಈಗ ಈ ಕಡೆ ನೋಡಬಹುದಾ ಸಾರ್?” ಎಂದ.

೨. ಮೂರನೇ ಬ್ಲಾಕಿನ ಅಮ್ಮ

ಸಂಜೆ ಒಂದು ಗಂಟೆ ಆಡಿದರೆ ಸಾಲದು, ಕೆಲಸ ಮಾಡುವಾಗಲೂ ಅಭ್ಯಾಸ ಮಾಡು ಎಂದು ಹೇಳಿದೆ. ಕಣ್ಣು ಒಂದು ಕಡೆ ಇರಲಿ, ಕೈ ಒಂದು ಕಡೆ ಇರಲಿ. ಹೇಳಿದ್ದು ಇಷ್ಟೇ.

ಆಗ ಹಾಲಿನವರು ಎಮ್ಮೆಯನ್ನೇ ಮನೆ ಬಾಗಿಲಿಗೆ ಹೊಡೆದುಕೊಂಡು ಬರುತ್ತಿದ್ದರು. ಚೊಂಬನ್ನು ಬೋರಲು ಹಿಡಿದು ಒಳಗೆ ನೀರಿಲ್ಲವೆಂದು ತೋರಿಸಬೇಕು. ಆಮೇಲೆ ಮನೆಯವರ ಕಣ್ಣೆದುರೇ ಕರೆಯಬೇಕು. ಮೂರನೇ ಬ್ಲಾಕಿನಲ್ಲಿ ಒಬ್ಬ ಅಮ್ಮ ಮೆಟ್ಟಿಲ ಮೇಲೆ ಕೂತು ರೆಪ್ಪೆ ಬಡಿಯದೆ ಕಾಯುತ್ತಿದ್ದರು. ಮಾರನೆಯ ಬೆಳಿಗ್ಗೆ ಇವನು ಕರೆಯುತ್ತ ಕರೆಯುತ್ತ ತಟ್ಟನೆ ತೆಂಗಿನ ಮರ ನೋಡಿದ. ಅಮ್ಮನೂ ನೋಡಿದರು. ಅಲ್ಲಿ ಏನೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಬೀದಿ ಕಡೆ ನೋಡಿದ. ಅಮ್ಮನೂ ನೋಡಿದರು. ಅಲ್ಲೂ ಏನೂ ಇರಲಿಲ್ಲ.

“ಏನೋ ಅದು?”

“ಏನಿಲ್ಲ ಅಮ್ಮಾ.”

“ಏನಿಲ್ಲದೆ ಯಾಕೋ ನೋಡ್ತೀಯ? ನಾನು ಆ ಕಡೆ ತಿರುಗಿದಾಗ ಏನು ಬೆರೆಸಿದೆ?”

“ಏನೂ ಬೆರೆಸಿಲ್ಲ ಅಮ್ಮಾ. ಮೋಸ ಕಲೀತಿದೀನಿ.”

“ಏನಂದೆ! ಯಾರ ಹತ್ರ?”

ಅವನು ನನ್ನ ಹೆಸರು ಹೇಳಿದ. ಮನೆಯನ್ನೂ ಬೆರಳು ಮಾಡಿ ತೋರಿಸಿದ.

ಅಮ್ಮ ಪಾತ್ರೆ ಹಿಡಿದುಕೊಂಡೇ ನಮ್ಮ ಬಾಗಿಲಿಗೆ ಬಂದರು. “ಏನ್ರೀ, ಹಾಲಿನವನಿಗೆ ನೀವು ಮೋಸ ಕಲಿಸ್ತಿದೀರಂತೆ?”

“ಹೌದು,” ಎಂದೆ.

ಕಬಡ್ಡಿಗೆ ಎಂದು ಸೇರಿಸುವಷ್ಟರಲ್ಲಿ ಅವರು ಗೇಟು ದಾಟಿದ್ದರು. ಮಧ್ಯಾಹ್ನದೊಳಗೆ ಆ ಬೀದಿಯಲ್ಲಿ ಒಬ್ಬರಿಗೂ ಅವನ ಹಾಲು ಬೇಡವಾಯಿತು. ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಮನೆ ಮನೆಗೆ ಹೋಗಿ ಎಲ್ಲವನ್ನೂ ಸರಿಮಾಡಿ ಬಂದಳು. ಬಂದು ನೀರು ಕುಡಿದು ಹೇಳಿದಳು:

“ಸಾರಿಗೆ ಉಪ್ಪು ಸಾಕಾ ಅಂದ್ರೆ ಇಷ್ಟು ವರ್ಷದಲ್ಲಿ ಒಂದು ದಿನ ಉತ್ತರ ಕೊಟ್ಟವರಲ್ಲ. ಇವತ್ತು ಬಾಯಿ ಬಿಟ್ಟಿರಿ. ನಾಳೆಯಿಂದ ಮತ್ತೆ ಮುಚ್ಚಿಕೊಂಡಿರಿ.”

೩. ಎಮ್ಮೆಯ ಪಾಠ

ಹಾಲಿನವನ ಒಂದು ಎಮ್ಮೆಯ ಕರು ಸತ್ತುಹೋಗಿತ್ತು. ಕರು ಕಾಣದೆ ಎಮ್ಮೆ ಹಾಲು ಬಿಡುವುದಿಲ್ಲ. ಅದಕ್ಕೆ ಅವನ ತಾಯಿ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿಸಿ ಹೊಲಿಸಿದ್ದಳು. ಕರೆಯುವ ಹೊತ್ತಿಗೆ ಅದನ್ನು ತಂದು ಮುಂದೆ ನಿಲ್ಲಿಸುವುದು. ಎಮ್ಮೆ ನೆಕ್ಕುವುದು, ಹಾಲು ಬಿಡುವುದು. ಇದು ಕಿವಿಗೆ ಬಿದ್ದಾಗ, ಮೋಸಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ ಎನ್ನಿಸಿತು. ಒಂದು ಭಾನುವಾರ ಬೆಳಿಗ್ಗೆ ತಂಡವನ್ನೆಲ್ಲ ಯಡಿಯೂರಿನ ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಸಾಲಾಗಿ ನಿಲ್ಲಿಸಿದೆ.

ತಾಯಿ ಹುಲ್ಲಿನ ಕರುವನ್ನು ತಂದು ಇಟ್ಟಳು. ಅದಕ್ಕೆ ಒಂದು ಕಿವಿ ಇರಲಿಲ್ಲ. ಹೊಟ್ಟೆಯಿಂದ ಹುಲ್ಲು ಆಚೆ ಬಂದಿತ್ತು. ಎಮ್ಮೆ ಮೂಸಿತು. ನೆಕ್ಕಿತು. ಚೊಂಬಿನಲ್ಲಿ ಹಾಲಿನ ಸದ್ದು ಶುರುವಾಯಿತು.

“ನೋಡಿದಿರಾ?” ಎಂದೆ. “ಎಮ್ಮೆಗೆ ಏನು ಬೇಕೋ ಅದನ್ನ ತೋರಿಸಿದರು. ಕಬಡ್ಡೀಲೂ ಹಾಗೇ. ಎದುರಿನವನಿಗೆ ಬೇಕಾಗಿರೋದು ನಿಮ್ಮ ಕಾಲು. ಕಾಲು ತೋರಿಸಿ. ಅವನು ಹಿಡಿಯೋಕೆ ಬಗ್ಗಿದಾಗ ಕಾಲು ಎಳ್ಕೊಂಡು ಅವನನ್ನೇ ಮುಟ್ಟಿ. ಅವನು ಎಮ್ಮೆ. ನಿಮ್ಮ ಕಾಲು ಹುಲ್ಲಿನ ಕರು.”

ನಾನು ಅಷ್ಟು ಉದ್ದ ಮಾತಾಡಿದ್ದು ಆ ವರ್ಷದಲ್ಲಿ ಅದೇ. ಹುಡುಗರು ತಲೆಯಾಡಿಸಿದರು.

ತಾಯಿ ಕರೆಯುವುದನ್ನು ನಿಲ್ಲಿಸಿ ತಿರುಗಿ ನೋಡಿದಳು.

“ಏನ್ ಸ್ವಾಮಿ ಹಂಗಂತೀರಿ? ಹೆತ್ತೋಳಿಗೆ ತನ್ನ ಕರು ಯಾವುದು ಅಂತ ಗೊತ್ತಿರಲ್ವಾ? ಅದಕ್ಕೆ ಎಲ್ಲಾ ಗೊತ್ತದೆ. ಇಷ್ಟು ಕಷ್ಟಪಟ್ಟು ಹೊಲಿಸವ್ರಲ್ಲಾ ಅಂತ ನಮ್ಮ ಮರ್ಯಾದೆಗೆ ಹಾಲು ಕೊಡ್ತದೆ.”

ಎಮ್ಮೆ ನನ್ನ ಕಡೆ ನೋಡಿತು. ಪಾಠ ಮುಗಿಸಿದೆ.

೪. ದಿನಕ್ಕೊಂದು ಸುಳ್ಳು

ನಮ್ಮ ತಂಡದಲ್ಲಿ ತಿಲಕ್ ನಗರದ ಒಬ್ಬ ಟೈಲರ್ ಇದ್ದ. ಬಟ್ಟೆ ಯಾವತ್ತು ರೆಡಿ ಎಂದು ಕೇಳಿದರೆ ಯಾವಾಗಲೂ ನಾಳೆ. ಅದಕ್ಕೋ ಏನೋ, ದಾಳಿಯಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನು ಹಾಲಿನವನನ್ನು ಪಕ್ಕಕ್ಕೆ ಕರೆದು ಹೇಳಿದ:

“ಗುರು, ಬಾಯಿಗೆ ಬರದೇ ಇದ್ದದ್ದು ಮೈಗೆ ಹೇಗೆ ಬರುತ್ತೆ? ದಿನಕ್ಕೊಂದು ಸುಳ್ಳು ಹೇಳು. ಸಣ್ಣದು ಸಾಕು. ತಾನಾಗೇ ಮೋಸ ಬರುತ್ತೆ.”

ಮಾರನೆಯ ಸಂಜೆ ಹಾಲಿನವನು ನನ್ನ ಮುಂದೆ ಬಂದ. ಹಣೆಯಲ್ಲಿ ಬೆವರು. ಗಂಟಲು ಸರಿಮಾಡಿಕೊಂಡ.

“ಸಾರ್, ನಿಮ್ಮ ಸೈಕಲ್ ಪಂಚರ್ ಆಗಿದೆ.”

ಹೋಗಿ ನೋಡಿದೆ. ಹಿಂದಿನ ಚಕ್ರ ನೆಲಕ್ಕೆ ಅಂಟಿತ್ತು.

“ಹೌದಲ್ಲೋ,” ಎಂದೆ.

ಟೈಲರ್ ತಲೆ ಚಚ್ಚಿಕೊಂಡ. “ಲೋ, ಸುಳ್ಳು ಹೇಳು ಅಂದ್ರೆ ನಿಜ ಹೇಳಿದೀಯಲ್ಲೋ!”

“ಬೆಳಿಗ್ಗೆ ಯೋಚನೆ ಮಾಡಿದಾಗ ಸುಳ್ಳೇ ಆಗಿತ್ತು ಗುರು,” ಎಂದ ಹಾಲಿನವನು. “ಸಾರ್ ಹತ್ರ ಸುಳ್ಳು ಹೇಳೋಕೆ ಮನಸ್ಸು ಬರ್ಲಿಲ್ಲ. ಮೊದಲೇ ಹೋಗಿ ಮುಳ್ಳು ಚುಚ್ಚಿ ಬಂದೆ.”

೫. ಮಾವ

ಕಾಲು ತೋರಿಸುವುದನ್ನು ಅಂತೂ ಕಲಿತ. ಎಳೆದುಕೊಳ್ಳುವುದನ್ನು ಕಲಿಯಲಿಲ್ಲ. ಕಾಲು ಮುಂದಿಟ್ಟು, ಹಿಡಿಯುವವನು ಬರುವವರೆಗೆ ಮರ್ಯಾದೆಯಾಗಿ ಕಾಯುತ್ತಿದ್ದ.

“ಯಾಕೋ ಎಳ್ಕೊಳ್ಳಲಿಲ್ಲ?”

“ಅವರು ಇನ್ನೂ ಬಗ್ಗಿರಲಿಲ್ಲ ಸಾರ್.”

“ಬಗ್ಗಿದ ಮೇಲೆ?”

“ಆಗ ಹಿಡಿದುಬಿಟ್ಟಿದ್ರು.”

ದೀಪಾವಳಿ ಹತ್ತಿರವಾಯಿತು. ಒಂದು ಸಂಜೆ ಪಂಚೆ ಉಟ್ಟ ಗಿರಿಜಾ ಮೀಸೆಯ ಆಳೊಬ್ಬ ಬಂದು ಸೈಟಿನ ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ. ಸುದ್ದಗುಂಟೆಪಾಳ್ಯದವನು. ಹುಡುಗಿಯ ಅಪ್ಪ. ಅಂಕಣದ ಮಧ್ಯೆ ಜನರ ಒಂದು ರಾಶಿ ಬಿದ್ದಿತ್ತು.

“ಇದರಲ್ಲಿ ನಮ್ಮ ಹುಡುಗ ಯಾವನು?” ಎಂದು ಕೇಳಿದ.

“ಕೆಳಗಿನವನು,” ಎಂದೆ.

ಬೀಡಿ ಮುಗಿಯುವವರೆಗೆ ನೋಡಿದ. ಅಷ್ಟರಲ್ಲಿ ಹಾಲಿನವನು ಇನ್ನೊಂದು ಸಲ ಕೆಳಗಿನವನಾದ.

“ನಾವು ಆಡಿದ್ದೂ ಇದೇಯ. ಚಡುಗುಡು ಅಂತಿದ್ವಿ,” ಎಂದು ಎದ್ದ. ಪಂಚೆಯನ್ನು ಕಚ್ಚೆ ಹಾಕಿಕೊಂಡು ಅಂಕಣಕ್ಕೆ ಇಳಿದೇಬಿಟ್ಟ. ತೊಡೆ ತಟ್ಟಿದ. “ಬಾರಪ್ಪಾ ಅಳಿಯ ಆಗೋನೇ. ಬಾ.”

ಹಾಲಿನವನು ‘ಕಬಡ್ಡಿ ಕಬಡ್ಡಿ’ ಎಂದು ಹೋದ. ಕಾಲು ತೋರಿಸಿದ. ಮುದುಕ ಎರಡೂ ಕೈಯಲ್ಲಿ ಹಿಡಿದ. ಇವನ ದನಿ ಸಣ್ಣಗಾಯಿತು, ಇನ್ನೂ ಸಣ್ಣಗಾಯಿತು, ನಿಂತಿತು. ಮುದುಕ ಹಿಡಿದ ಕಾಲು ಬಿಡಲಿಲ್ಲ. ಬಗ್ಗಿಕೊಂಡೇ ನನ್ನ ಕಡೆ ನೋಡಿದ.

“ಕೋರಮಂಗಲದಲ್ಲಿ ಒಬ್ಬ ಬಸ್ ಕಂಡಕ್ಟರ್ ಅವ್ನೆ. ಅವರಿಗೆ ಏನಂತ ಹೇಳಿ ಕಳಿಸಲಿ?”

“ಇವನಿಗೆ ಹುಡುಗಿ ಕೊಡಲ್ಲವಾ?” ಎಂದೆ.

“ಮೊದ್ಲು ಕಾಲು ಬಿಡಿಸ್ಕೊಳ್ಳಲಿ.”

೬. ಆಯ್ಕೆ

ಕೆಲಸ ಕೇಳಿಕೊಂಡು ಬಂದವರನ್ನೆಲ್ಲ ಸೇರಿಸಿ ಒಂದು ತಂಡ ಮಾಡಿದರು. ಎದುರಿಗೆ ಕಾರ್ಖಾನೆಯ ತಂಡ. ಆ ತಂಡದ ಕ್ಯಾಪ್ಟನ್ ಎಲ್ಲರಿಗಿಂತ ಹಿರಿಯ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಹಣೆಯಲ್ಲಿ ವಿಭೂತಿ. ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಆಫೀಸರು ಕೂತಿದ್ದರು. ಯಾರನ್ನು ತೆಗೆದುಕೊಳ್ಳಬೇಕು ಎನ್ನುವುದು ಅವರ ಕೈಯಲ್ಲಿತ್ತು.

ಹಾಲಿನವನು ಎರಡು ಸಲ ದಾಳಿಗೆ ಹೋದ. ಎರಡು ಸಲವೂ ಹಿಡಿದರು. ಆಟ ಮುಗಿಯುತ್ತ ಬಂತು. ಇನ್ನೊಂದೇ ದಾಳಿ ಉಳಿದಿತ್ತು. ಅದೂ ಅವನದೇ. ಗೆರೆಯ ಹತ್ತಿರ ಹೋಗಿ ಹೇಳಿದೆ.

“ತೋರಿಸು. ಎಳ್ಕೋ.”

“ಕೋರಮಂಗಲದೋರು ನಾಳೆ ಹುಡುಗಿ ನೋಡೋಕೆ ಬರ್ತಾರಂತೆ ಸಾರ್,” ಎಂದ.

“ಅದಕ್ಕೇ. ಎಳ್ಕೋ.”

ಹೋದ. ಕಬಡ್ಡಿ ಕಬಡ್ಡಿ. ಕಾಲು ತೋರಿಸಿದ. ಕ್ಯಾಪ್ಟನ್ ಹಾರಿದ. ಇವನು ಕಾಲು ಎಳೆದುಕೊಂಡ! ಮೊದಲ ಸಲ. ಕ್ಯಾಪ್ಟನ್ನಿನ ಕೈಗೆ ಗಾಳಿ ಸಿಕ್ಕಿತು. ಮಣ್ಣಿಗೆ ಬಿದ್ದ. ಇವನು ಮತ್ತೆ ಕಾಲು ಚಾಚಿದ. ಹೆಬ್ಬೆರಳು ಹೋಗಿ ಕ್ಯಾಪ್ಟನ್ನಿನ ಎದೆಗೆ ತಾಗಿತು. ಹಿಂದಕ್ಕೆ ಒಂದು ನೆಗೆತ ನೆಗೆದರೆ ಗೆರೆ. ನಾನು ತುದಿಗಾಲಲ್ಲಿ ನಿಂತೆ.

ಅವನು ನೆಗೆಯಲಿಲ್ಲ.

ಅಷ್ಟು ದಿನದ ಅಭ್ಯಾಸದಲ್ಲಿ ಅವನ ಕಾಲು ಯಾರಿಗೂ ತಾಗಿದ್ದೇ ಇಲ್ಲ. ತಾಗುವ ಮೊದಲೇ ಹಿಡಿಯುತ್ತಿದ್ದರು. ಹಾಗಾಗಿ ತಾಗಿದರೆ ಏನು ಮಾಡುತ್ತಾನೆಂದು ನನಗೂ ಗೊತ್ತಿರಲಿಲ್ಲ. ಹಿರಿಯರಿಗೆ ಕಾಲು ತಾಗಿದರೆ ನಾವೆಲ್ಲ ಏನು ಮಾಡುತ್ತೇವೋ ಅದನ್ನೇ ಮಾಡಿದ. ಬಗ್ಗಿದ. ಕ್ಯಾಪ್ಟನ್ನಿನ ಭುಜ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಬಾಯಲ್ಲಿ ಕಬಡ್ಡಿ ಕಬಡ್ಡಿ. ಇನ್ನೊಂದು ಸಲ ಮುಟ್ಟಿ ಒತ್ತಿಕೊಂಡ. ಕಬಡ್ಡಿ ಕಬಡ್ಡಿ.

ಹಿಡಿಯಲು ಬಂದ ಆರು ಜನ ಇದನ್ನು ನೋಡಿ ಹಾಗೇ ನಿಂತರು. ಒಬ್ಬ ದಾರಿ ಬಿಟ್ಟು ಪಕ್ಕಕ್ಕೂ ಸರಿದ. ಕ್ಯಾಪ್ಟನ್ ಬಿದ್ದಲ್ಲಿಂದಲೇ ಬಲಗೈ ಎತ್ತಿದ.

“ಇರಲಿ ಬಿಡಪ್ಪಾ. ಒಳ್ಳೇದಾಗಲಿ.”

ಹಾಲಿನವನು ಕೈ ಮುಗಿದ. ಹಿರಿಯರಿಗೆ ಬೆನ್ನು ತೋರಿಸಬಾರದೆಂದು ಹಿಂದು ಹಿಂದಕ್ಕೆ ಹೆಜ್ಜೆ ಇಟ್ಟ. ಕಬಡ್ಡಿ ಕಬಡ್ಡಿ. ಗೆರೆ ದಾಟಿದ.

ಅಂಪೈರ್ ಸೀಟಿ ಊದಿ ಕ್ಯಾಪ್ಟನ್ನಿಗೆ ಹೊರಗೆ ಹೋಗಲು ಕೈ ತೋರಿಸಿದ.

“ಸಾರ್! ನಾನು ಆಶೀರ್ವಾದ ಮಾಡ್ತಿದ್ದೆ ಸಾರ್!” ಎಂದು ಕ್ಯಾಪ್ಟನ್ ಕೂಗಿದ.

“ಆಟದ ಮಧ್ಯೆ ಆಶೀರ್ವಾದ ಮಾಡು ಅಂದವರು ಯಾರ್ರೀ? ಅವನು ದಮ್ಮು ಬಿಟ್ಟಿಲ್ಲ. ನೀವು ಔಟ್.”

ಆಫೀಸರು ಹಾಲಿನವನನ್ನು ಮೇಜಿನ ಹತ್ತಿರ ಕರೆದರು. ನಾನೂ ಹೋದೆ.

“ಏನಯ್ಯಾ, ಎಂತೆಂಥವರ ಆಟ ನೋಡಿದೀನಿ, ಇಂಥ ಮೋಸ ನೋಡಿರಲಿಲ್ಲ. ಎಲ್ಲಿ ಕಲಿತೆ?”

ಅವನು ಸುಮ್ಮನೆ ನನ್ನ ಕಡೆ ಬೆರಳು ತೋರಿಸಿದ್ದರೆ ಮುಗಿಯುತ್ತಿತ್ತು. ತೋರಿಸಲಿಲ್ಲ.

“ಮೋಸ ಅಲ್ಲ ಸಾರ್. ದೊಡ್ಡೋರಿಗೆ ಕಾಲು ತಾಗ್ತು. ಅದಕ್ಕೆ ನಮಸ್ಕಾರ ಮಾಡಿದೆ.”

ಮುಗಿಯಿತು ಎಂದುಕೊಂಡೆ. ಆಫೀಸರು ಅವನ ಮುಖವನ್ನೇ ನೋಡಿದರು. ಅವನೂ ನೆಟ್ಟಗೆ ಅವರನ್ನೇ ನೋಡುತ್ತ ನಿಂತ. ಅವರು ಮೇಜು ಗುದ್ದಿ ನಕ್ಕರು.

“ನೋಡ್ರೀ ಇವನನ್ನ! ಮುಖದಲ್ಲಿ ಒಂದು ಗೆರೆ ಅಲ್ಲಾಡ್ತಿಲ್ಲ. ನನ್ನ ಎದುರಿಗೂ ಬಿಟ್ಟುಕೊಡ್ತಿಲ್ಲ!”

“ಇಲ್ಲ ಸಾರ್, ನಿಜವಾಗ್ಲೂ...”

“ಸಾಕಯ್ಯಾ ಸಾಕು. ಇವನನ್ನ ತಗೊಳ್ಳಿ.”

ಹಾಲಿನವನು ಮುಖ ಬೆಳ್ಳಗೆ ಮಾಡಿಕೊಂಡು ನನ್ನ ಕಿವಿಯ ಹತ್ತಿರ ಬಂದ. “ಸಾರ್, ನಾನು ನಿಜ ಹೇಳಿದ್ರೆ ಅವರು ನಂಬ್ತಿಲ್ಲ. ನೀವಾದ್ರೂ ಹೇಳಿ.”

“ನಡಿ,” ಎಂದೆ.

ಕೆಲಸಕ್ಕೆ ಸೇರಿದ. ಮಾಘದಲ್ಲಿ ಸುದ್ದಗುಂಟೆಪಾಳ್ಯದಲ್ಲೇ ಮದುವೆ ಆಯಿತು.