ಪೆಟ್ರೋಲ್ ಟ್ಯಾಂಕಿನ ಮುಚ್ಚಳವೂ ಭಟ್ಟರ ಮಂತ್ರವೂ

ಕೆಟ್ಟದ್ದನ್ನು ರಿಪೇರಿಗೆ ಕೊಟ್ಟು ಸುಮ್ಮನಿರುವವರು ಪುಣ್ಯವಂತರು. ನಾನು ರಿಪೇರಿ ಆಗಿ ಬಂದ ಮೇಲೂ ಸುಮ್ಮನಿರುವವನಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ, ಸಾಗರದ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಾಗ, ಒಂದು ಹಳೇ ಕಾರು ಕೊಂಡೆ. ಒಳಗೆ ಕೂತರೆ ಪೆಟ್ರೋಲ್ ವಾಸನೆ. ಒಮ್ಮೆ ಅದರಲ್ಲಿ ಪೇಟೆಗೆ ಹೋಗಿಬಂದ ನನ್ನ ಹೆಂಡತಿ ಶಾರದೆ, ಆ ಸೀರೆಯಲ್ಲಿ ಒಲೆಯ ಹತ್ತಿರ ಸುಳಿಯಲು ಒಪ್ಪಲಿಲ್ಲ.

ಆವಿ ಎಲ್ಲಿಂದ ಸೋರುತ್ತಿದೆಯೆಂದು ಪರೀಕ್ಷಿಸಲು ಮೆಕ್ಯಾನಿಕ್ ಬಾಬಣ್ಣ ಟ್ಯಾಂಕಿನ ಪೈಪಿಗೆ ರಬ್ಬರ್ ನಳಿಕೆ ಸಿಕ್ಕಿಸಿ, ಸಂದುಗೊಂದಿಗೆಲ್ಲ ಸಾಬೂನಿನ ನೊರೆ ಬಳಿದು, ನಳಿಕೆಯ ಇನ್ನೊಂದು ತುದಿಯನ್ನು ನನ್ನ ಬಾಯಿಗೆ ಕೊಟ್ಟು ಊದಲು ಹೇಳಿದ. ನಾನು ಕೆನ್ನೆಯುಬ್ಬಿಸಿ ಊದುವುದನ್ನು ನೋಡಲು ಜನ ಸೈಕಲ್ ಇಳಿದು ನಿಂತರು. ಇದು ಯಾವ ಕಾಯಿಲೆಗೆ ಎಂದು ಒಬ್ಬರು ಮರುಕದಿಂದ ವಿಚಾರಿಸಿದರು. ಕೊನೆಗೆ ಟ್ಯಾಂಕಿನ ಕತ್ತಿನಲ್ಲಿದ್ದ ರಬ್ಬರಿನ ಬಳಿ ಗುಳ್ಳೆ ಎದ್ದಿತು. ಬಾಬಣ್ಣ ರಬ್ಬರ್ ಬದಲಿಸಿದ. ಆದರೆ ಮುಚ್ಚಳದ ನಡುವೆ ಎದ್ದ ಸಣ್ಣ ಗುಳ್ಳೆ ನನ್ನೊಬ್ಬನ ಕಣ್ಣಿಗಷ್ಟೇ ಬಿದ್ದಿತ್ತು. ಆ ಹೆಮ್ಮೆಯಲ್ಲಿ ಮನೆಗೆ ಬಂದವನೇ ಮುಚ್ಚಳ ಬಿಚ್ಚಿ ಒಳಗೆ ಒಯ್ದು, ಸೂಜಿಮೊನೆಯಷ್ಟಿದ್ದ ಆ ತೂತಿಗೆ ಅರಗು ಕರಗಿಸಿ ಬಿಟ್ಟು ಭದ್ರ ಮಾಡಿದೆ.

ಮರುವಾರ ತೀರ್ಥಹಳ್ಳಿಯಲ್ಲಿ ಶಾರದೆಯ ತಂಗಿಯ ಮದುವೆ. ಪುರೋಹಿತರಾದ ಗಣಪತಿ ಭಟ್ಟರನ್ನು ಸಾಗರದಿಂದ ಕರೆದೊಯ್ಯುವ ಹೊಣೆ ನನ್ನದು, ಮುಹೂರ್ತ ಹನ್ನೊಂದಕ್ಕೆ. ಹೊಸನಗರ ಇನ್ನೂ ದೂರವಿರುವಾಗಲೇ ಕಾರು ಕೆಮ್ಮಿ ನಿಂತಿತು. ಬಾನೆಟ್ ಎತ್ತಿ ಕೈಗೆ ಸಿಕ್ಕಿದ್ದನ್ನೆಲ್ಲ ಅಲುಗಾಡಿಸಿದೆ; ಪ್ರಯೋಜನವಾಗಲಿಲ್ಲ. ಭಟ್ಟರು ಇಳಿದು ಗಣಪತಿಯ ಮಂತ್ರ ಶುರುಮಾಡಿದರು. ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣವೆಂದು ನಾನು ಮುಚ್ಚಳ ತಿರುಗಿಸಿದೆ. ಟ್ಯಾಂಕು ಉಸ್ಸೆಂದಿತು. ಆಮೇಲೆ ಚಾಲೂ ಮಾಡಿದರೆ ಕಾರು ಏನೂ ಆಗದಂತೆ ಹೊರಟಿತು. ಐದಾರು ಮೈಲಿಗೆ ಮತ್ತೆ ನಿಂತಿತು. ಮತ್ತೆ ಮಂತ್ರ, ಮತ್ತೆ ಮುಚ್ಚಳ, ಮತ್ತೆ ಉಸ್. ನಾಲ್ಕನೆಯ ಸಲ ಭಟ್ಟರು ನನ್ನನ್ನು ಪಕ್ಕಕ್ಕೆ ಕರೆದರು.

"ಉಸ್ ಅಂದಿದ್ದು ಕೇಳ್ತಾ ಮೇಷ್ಟ್ರೇ? ಎಂತದೋ ಸೇರ್ಕೊಂಡಿದೆ. ಒಂದೊಂದಾಗಿ ಹೋಗ್ತಾ ಇದೆ."

ಹನ್ನೊಂದಕ್ಕೆ ಐದು ನಿಮಿಷವಿರುವಾಗ ತಲುಪಿದೆವು. ಮಾವನವರು ರಸ್ತೆಯ ನಡುವೆಯೇ ನಿಂತಿದ್ದರು. ತಾಳಿ ಕಟ್ಟಿಸಿದ ಭಟ್ಟರು, ತಾವು ದಾರಿಯುದ್ದಕ್ಕೂ ಬಿಡಿಸುತ್ತ ಬಂದದ್ದನ್ನು ಮಂಟಪದಲ್ಲೇ ವಿವರವಾಗಿ ಹೇಳಿದರು.

ಸಾಗರಕ್ಕೆ ಮರಳಿದ ಮೇಲೆ ಬಾಬಣ್ಣ ಆ ಅರಗನ್ನು ಉಗುರಿನಿಂದ ಎಬ್ಬಿಸಿ, "ಇದು ಬೇಕಂತ್ಲೇ ಇಟ್ಟ ತೂತು ಸಾರ್. ಪೆಟ್ರೋಲ್ ಖಾಲಿ ಆದಷ್ಟೂ ಗಾಳಿ ಒಳಗೆ ಹೋಗ್ಬೇಕು, ಇಲ್ಲಾಂದ್ರೆ ಇಂಜಿನ್ನಿಗೆ ಪೆಟ್ರೋಲೇ ಬರಲ್ಲ. ಯಾರು ಮುಚ್ಚಿದ್ದು?" ಎಂದ. ಗಾಳಿಯ ಒತ್ತಡದ ಪಾಠವನ್ನು ಆ ತಿಂಗಳೇ ಮಾಡಿ ಮುಗಿಸಿದ್ದ ನಾನು, ಹಿಂದಿನ ಮಾಲೀಕರಿರಬೇಕು ಎಂದೆ.

ಅಷ್ಟರಲ್ಲಿ ಭಟ್ಟರ ಹೆಸರು ಕಾರ್ಗಲ್ಲಿನವರೆಗೂ ಹಬ್ಬಿ, ಜೀಪು ಲಾರಿಗಳೆಲ್ಲ ಅವರ ಅಂಗಳದಲ್ಲಿ ಸಾಲುಗಟ್ಟಿದವು. ನಿಜ ಹೇಳಬೇಕೆಂದರೆ ಅರಗಿನ ವಿಷಯವನ್ನೂ ಹೇಳಬೇಕಿತ್ತು. ಮುಂದೆ ನಾನು ಸ್ಕೂಟರ್ ಕೊಂಡಾಗ ಶಾರದೆ ನನ್ನನ್ನು ಸೀದಾ ಅಲ್ಲಿಗೇ ಅಟ್ಟಿದಳು. ಇದೂ ದಾರಿಯಲ್ಲಿ ನಿಲ್ಲುವ ಜಾತಿಯದೋ ಎಂದು ಭಟ್ಟರು ಕೇಳಿದರು. ತಮ್ಮ ಆಶೀರ್ವಾದವೊಂದಿದ್ದರೆ ನಿಲ್ಲುವುದಿಲ್ಲ ಎಂದು ನಾನು ಕೈಮುಗಿದೆ.