ಗುಂಡು ತಳದ ಫ್ಲಾಸ್ಕೂ ಗಿರಿಜೆಯ ಸಿಂಬಿಯೂ

ಒಂದು ವಿಷಯವನ್ನು ಹತ್ತು ಜನರಿಗೆ ಪಾಠ ಹೇಳಿದವನಿಗೆ ಅದೆಲ್ಲ ತನಗೆ ಗೊತ್ತು ಎಂಬ ಭ್ರಮೆ ಹತ್ತಿಕೊಳ್ಳುತ್ತದೆ. ನನಗೂ ಹತ್ತಿತ್ತು. ಎಪ್ಪತ್ತರ ದಶಕದಲ್ಲಿ ನಾನು ರಾಜಾಜಿನಗರದ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ, ಅದೂ ತಾತ್ಕಾಲಿಕ. ಹುದ್ದೆ ತಾತ್ಕಾಲಿಕವಾದರೂ ಗತ್ತು ಮಾತ್ರ ಕಾಯಂ. "ನೋಡ್ರಪ್ಪಾ, ಇದು ಕೋನಿಕಲ್ ಫ್ಲಾಸ್ಕು. ಹೊಟ್ಟೆ ಅಗಲ, ಕತ್ತು ಸಣ್ಣ, ಕುಲುಕಿದ್ರೆ ಚೆಲ್ಲಲ್ಲ. ಟೈಟ್ರೇಷನ್ನಿಗೆ ಇದೇ ಆಗ್ಬೇಕು. ಇದು ವಾಲ್ಯೂಮೆಟ್ರಿಕ್ಕು. ಕತ್ತಿನ ಗೀಟಿನ ತನಕ ತುಂಬಿದ್ರೆ ಅಳತೆ ಕರಾರುವಾಕ್ಕು. ಇದನ್ನ ಉರಿ ಮೇಲಿಟ್ಟೋನು ನನ್ನ ಶಿಷ್ಯನೇ ಅಲ್ಲ!" ಇದೇ ಪಾಠವನ್ನು ಸಂಜೆ ಮಾರೇನಹಳ್ಳಿಯ ಬಾಡಿಗೆ ಮನೆಯಲ್ಲಿ ಹೆಂಡತಿ ಗಿರಿಜೆಗೂ ಒಪ್ಪಿಸುತ್ತಿದ್ದೆ. ಅವಳು ಅವರೆಕಾಳು ಹಿತಕುತ್ತಾ "ಹೂಂ" ಎನ್ನುತ್ತಿದ್ದಳು. ಆ ಹೂಂಕಾರ ನನಗೋ ಅವರೆಕಾಳಿಗೋ ಎಂದು ನಾನು ವಿಚಾರಿಸಲು ಹೋಗಲಿಲ್ಲ.

ಹೀಗಿರುವಾಗ ಲ್ಯಾಬಿಗೆ ಇನ್‌ಸ್ಪೆಕ್ಷನ್ ನಿಗದಿಯಾಯಿತು. "ಇದು ಚೆನ್ನಾಗಿ ನಡೆದ್ರೆ ನಿಮ್ಮನ್ನ ಪರ್ಮನೆಂಟ್ ಮಾಡಿಸೋಣ ಕಣ್ರೀ" ಎಂದರು ಪ್ರಿನ್ಸಿಪಾಲರು. ಅದಕ್ಕೆಂದೇ ಗುಂಡು ತಳದ ಒಂದು ಡಜನ್ ಹೊಸ ಫ್ಲಾಸ್ಕು ಬಂದವು. ಅವನ್ನು ಕೂರಿಸುವ ಕಾರ್ಕಿನ ಬಳೆಗಳು ಮಾತ್ರ ಬರಲಿಲ್ಲ. ಮೇಜಿನ ಮೇಲಿಟ್ಟರೆ ಒಂದು ಅತ್ತ ಉರುಳಿತು, ಇನ್ನೊಂದು ಇತ್ತ. ಮರುದಿನವೇ ಇನ್‌ಸ್ಪೆಕ್ಷನ್. ಎಲ್ಲವನ್ನೂ ಪೆಟ್ಟಿಗೆಯ ಹುಲ್ಲಿಗೆ ವಾಪಸು ತುಂಬಿ, ಇನ್ನು ನೌಕರಿ ಹೋಯಿತೆಂದೇ ಮನೆಗೆ ಬಂದೆ.

"ಯಾಕ್ರೀ, ಮುಖ ಹುಳ್ಳಗಿದೆ?" ಎಂದಳು ಗಿರಿಜೆ.

"ಶಾಖ ಎಲ್ಲಾ ಕಡೆ ಸಮನಾಗಿ ತಾಗ್ಲಿ ಅಂತ ತಳ ಗುಂಡಗೆ ಮಾಡಿರ್ತಾರೆ ಕಣೇ. ಕಾಯಿಸೋಕೆ ಭೇಷ್, ನಿಲ್ಲಿಸೋಕಾಗಲ್ಲ."

ಅವಳು ಮೂಲೆಯ ನೀರಿನ ಮಡಕೆಯನ್ನು ನೋಡಿದಳು, ಆಮೇಲೆ ನನ್ನನ್ನು. "ಅದರ ತಳಾನೂ ಗುಂಡಗೇ ಅಲ್ವೇನ್ರೀ? ಬಟ್ಟೆ ಸುತ್ತಿದ ಸಿಂಬಿ ಮೇಲೆ ಕೂತಿಲ್ವಾ?"

ನಾನು ಊಟ ಮುಗಿಸುವಷ್ಟರಲ್ಲಿ ಅವಳ ಹಳೆಯ ಸೀರೆ ಹನ್ನೆರಡು ಪುಟ್ಟ ಸಿಂಬಿಗಳಾಗಿತ್ತು.

ಮರುದಿನ ಫ್ಲಾಸ್ಕುಗಳು ಹಸೆಮಣೆ ಏರಿದ ಮದುಮಕ್ಕಳಂತೆ ಸಾಲಾಗಿ ಕುಳಿತಿದ್ದವು. ಬಂದಿದ್ದ ಹಿರಿಯ ಪ್ರೊಫೆಸರು ಒಂದನ್ನು ಎತ್ತಿ, ಇಟ್ಟು, "ಬಟ್ಟೆಯಾದ್ರೆ ಗಾಜಿಗೆ ಪೆಟ್ಟಾಗಲ್ಲ. ಭೇಷ್! ಯಾರ ಐಡಿಯಾ ಇದು?" ಎಂದರು.

"ನಂದೇ ಸಾರ್" ಎಂದುಬಿಟ್ಟೆ. ನಾಲಗೆಗೆ ಮೂಳೆಯಿಲ್ಲ ನೋಡಿ.

ನೌಕರಿ ಕಾಯಂ ಆಯಿತು. ಆದೇಶ ಕೈಗೆ ಬಂದ ದಿನ ಗಿರಿಜೆ ಹೆಸರುಬೇಳೆ ಪಾಯಸ ಮಾಡಿದಳು. ಮೊದಲ ಗುಟುಕಿಗೇ ಲೋಟ ಕೆಳಗಿಟ್ಟೆ. ನನಗೆ ನಿಜಕ್ಕೂ ನಾಚಿಕೆಯಾಗಿ, ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಅವಳು ಸಿಟ್ಟಾಗಲಿಲ್ಲ. ಒಳಗಿನಿಂದ ಹಳೆಯ ಟವೆಲ್ಲೊಂದನ್ನು ತಂದು ನನ್ನ ಮುಂದೆ ಹಾಕಿದಳು.

"ನಿಮ್ದೇ ಐಡಿಯಾ ಅಂದ್ಮೇಲೆ ಒಂದು ಸುತ್ತಿ, ನೋಡೋಣ."

ಎರಡು ಸಲ ಬಿಚ್ಚಿಕೊಂಡಿತು. ಮೂರನೆಯ ಸಲ ಏನೋ ಒಂದು ದುಂಡಗೆ ಬಂತು. ಹೆಮ್ಮೆಯಿಂದ ಮಡಕೆಯನ್ನು ಅದರ ಮೇಲಿಡಲು ಹೋದೆ. ಗಿರಿಜೆ ಥಟ್ಟನೆ ಕೈ ಅಡ್ಡ ಹಿಡಿದಳು.

"ಅದು ನಿಮ್ಮ ಫ್ಲಾಸ್ಕಿಗೆ ಸಾಕು ಬಿಡಿ" ಎಂದಳು. "ಮಡಕೆಯಲ್ಲಿ ಕುಡಿಯೋ ನೀರಿದೆ."