ಯಾವಾಗ ಬೇಕಾದರೂ ಪಾಸು

ಪೆಲಿಕನ್ ಕೊಲ್ಲಿ ಉಲ್ಲಾಸ ಉದ್ಯಾನವು ವರ್ಷದ ಎಲ್ಲ ದಿನಗಳಲ್ಲೂ ಸಾರ್ವಜನಿಕರಿಗಾಗಿ ತೆರೆದಿರುತ್ತದೆ. ಸಾರ್ವಜನಿಕರು ಒಳಗೆ ಹೋಗಲು ಮಾತ್ರ ಅವಕಾಶವಿಲ್ಲ. ಈ ಎರಡು ಮಾತು ಒಂದಕ್ಕೊಂದು ತಾಳೆಯಾಗುವುದಿಲ್ಲ ಅಂತ ಫ್ಲೋರಿಡಾದ ನಮ್ಮ ಊರಲ್ಲಿ ಈಗ ಯಾರೂ ಹೇಳುವುದಿಲ್ಲ. ಮೊದಮೊದಲು ಹೇಳುತ್ತಿದ್ದರು. ಆಗ ನಮಗೆಲ್ಲ ತಿಳಿವಳಿಕೆ ಕಡಿಮೆ ಇತ್ತು.

ಆ ತಿಳಿವಳಿಕೆ ನಮ್ಮ ಪಕ್ಕದ ಮನೆಯ ಅರ್ಲೀನಳಿಗೆ ಬಂದ ಬಗೆಯನ್ನು ಹೇಳುತ್ತೇನೆ, ಕೇಳಿ. ಅರ್ಲೀನ್ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಬಡಿಸಿ ಬಡಿಸಿ ನಿವೃತ್ತಳಾದವಳು. ಗಂಡ ಲಾನಿ ಅದೇ ಶಾಲೆಯ ಬಸ್ಸು ಓಡಿಸುತ್ತಿದ್ದ. ಈಗ ಸೊಳ್ಳೆಬಲೆ ಕಟ್ಟಿದ ವರಾಂಡದಲ್ಲಿ ಕೂತು ಹೆಂಡತಿಯನ್ನು ರೇಗಿಸುವುದೇ ಅವನ ಉದ್ಯೋಗ. ಅವರ ಜೊತೆ ಮೊಮ್ಮಗಳು ಜೂನಿ. ಮುಂದಿನ ಹಲ್ಲು ಬಿದ್ದು ಮಾತಿನ ಜೊತೆ ಸಿಳ್ಳೆಯೂ ಬರುತ್ತಿದ್ದ ವಯಸ್ಸು ಅವಳದು.

ಜೂನಿಗೆ ಬೇಕಾಗಿದ್ದು ಒಂದೇ ಒಂದು. ಉದ್ಯಾನದ ಒಳಗಿನ ಕೊಳದಲ್ಲಿ ಹಳದಿ ಬಾತುಕೋಳಿ ದೋಣಿಗಳಿವೆ. ಒಂದೊಂದರಲ್ಲಿ ಒಂದೊಂದು ಮಗು ಕೂತು, ತಾನೇ ಚುಕ್ಕಾಣಿ ತಿರುಗಿಸಿಕೊಂಡು ಕೊಳ ಸುತ್ತಿ ಬರಬಹುದು. ದೊಡ್ಡವರು ದಡದಲ್ಲಿ ನಿಂತು ಕೈ ಬೀಸಬೇಕು, ಅಷ್ಟೆ. ಯಾರೂ ಹಿಡಿದುಕೊಳ್ಳದೆ, ಯಾರೂ ಹುಷಾರು ಅನ್ನದೆ, ಅವಳೊಬ್ಬಳೇ ಓಡಿಸಬಹುದಾದದ್ದು ಜಗತ್ತಿನಲ್ಲಿ ಅದೊಂದೇ. ಆದರೆ ಅಲ್ಲೊಂದು ಮರದ ಬಾತುಕೋಳಿ ನಿಲ್ಲಿಸಿದ್ದಾರೆ. ಅದರ ಕೊಕ್ಕಿನ ಕೆಳಗೆ ತಲೆ ತಾಗದೆ ದಾಟುವ ಮಕ್ಕಳಿಗೆ ಮಾತ್ರ ದೋಣಿ. ತಾಗಿತೋ, ದೊಡ್ಡವಳಾದೆ, ಹೋಗಮ್ಮ ಅಂತ. ಅಂಥದೇ ಇನ್ನೊಂದು ಬಾತುಕೋಳಿಯನ್ನು ಪ್ರಚಾರಕ್ಕೆಂದು ನಮ್ಮ ದಿನಸಿ ಅಂಗಡಿಯ ಬಾಗಿಲಲ್ಲೂ ಇಟ್ಟಿದ್ದರು. ಹಾಲು ತರಲು ಹೋದಾಗಲೆಲ್ಲ ಜೂನಿ ಅದರಡಿ ನಿಂತು, ತಲೆಯ ಮೇಲೆ ಬೆರಳಿಟ್ಟು ಅಳೆದುಕೊಳ್ಳುತ್ತಿದ್ದಳು. ಆಗ ನಾಲ್ಕು ಬೆರಳು ಸಂದು ಇತ್ತು.

ಅಂಥ ಹೊತ್ತಿಗೆ ಉದ್ಯಾನದವರು ವರ್ಷದ ಪಾಸು ಹೊರಡಿಸಿದರು. ಅದರ ಹೆಸರು ‘ಯಾವಾಗ ಬೇಕಾದರೂ ಪಾಸು’. ಅರ್ಲೀನ್ ಮನೆಯ ಎ.ಸಿ. ರಿಪೇರಿಗೆ ಕೂಡಿಟ್ಟ ದುಡ್ಡನ್ನು ಒಯ್ದು ತನಗೊಂದು, ಮೊಮ್ಮಗಳಿಗೊಂದು ಪಾಸು ತಂದಳು.

"ಈ ಬೇಸಿಗೆ ಬೆವರಿ ಸಾಯೋಣ ಅಂತಲಾ?" ಅಂದ ಲಾನಿ.

"ಎ.ಸಿ. ಮುಂದಿನ ವರ್ಷವೂ ಹಾಕಿಸ್ಬೋದು. ಹುಡುಗಿ ಮುಂದಿನ ವರ್ಷ ಇಷ್ಟೇ ಇರ್ತಾಳಾ? ನೀನು ಬಾಯಿ ಮುಚ್ಕೊಂಡು ಬೀಸಣಿಗೆ ಹಿಡ್ಕೋ."

ಆ ಶನಿವಾರ ಅಜ್ಜಿ ಮೊಮ್ಮಗಳು ಮೂಗಿಗೆ ಬಿಸಿಲಿನ ಕ್ರೀಮು ಬಳಿದುಕೊಂಡು, ಐಸು ಪೆಟ್ಟಿಗೆಯಲ್ಲಿ ಆಲೂಗಡ್ಡೆ ಸಲಾಡ್ ತುಂಬಿಕೊಂಡು ಹೊರಟರು. ನನ್ನನ್ನೂ ಕರೆದುಕೊಂಡು ಹೋದರು, ಸಲಾಡ್ ನಾನು ಮಾಡಿದ್ದು. ಗೇಟಿನ ಹುಡುಗಿ ಪಾಸು ನೋಡಿ ತುಂಬ ಸಂತೋಷಪಟ್ಟಳು. ಬುಕಿಂಗ್ ಎಲ್ಲಿ ಅಂತ ಕೇಳಿದಳು. ಪಾಸು ಇದೆಯಲ್ಲ ಅಂದಳು ಅರ್ಲೀನ್. ಪಾಸು ಇದೆ ಸರಿ, ಬುಕಿಂಗ್ ಎಲ್ಲಿ ಅಂದಳು ಹುಡುಗಿ. ಹೀಗೇ ಸ್ವಲ್ಪ ಹೊತ್ತು ಮಾತುಕತೆ ನಡೆದ ಮೇಲೆ ನಮ್ಮನ್ನು ಆನಂದ ವಿಭಾಗದ ಉಪಾಧ್ಯಕ್ಷರಾದ ಶ್ರೀ ವಿಕ್ಸ್ ಅವರ ಕಚೇರಿಗೆ ಕಳುಹಿಸಿದರು. ಪೆಲಿಕನ್ ಚಿತ್ರದ ಟೈ ಕಟ್ಟಿದ್ದ ಸಜ್ಜನ.

"ಮೇಡಂ, ಪಾಸಿನ ಮೇಲೆ ಏನಿದೆ, ಒಂದ್ಸಲ ಓದಿ."

"ಯಾವಾಗ ಬೇಕಾದರೂ."

"ನೋಡಿದ್ರಾ! ಈಗ ನಿಮಗೆ ಒಳಗೆ ಹೋಗೋದು ಬೇಕಾಗಿದೆಯಾ?"

"ಬೇಕಾಗಿದೆ. ಅದಕ್ಕೇ ತಾನೆ ಬಂದಿರೋದು?"

"ಹಾಗಾದ್ರೆ ಪಾಸು ಸರಿಯಾಗಿ ಕೆಲಸ ಮಾಡ್ತಿದೆ. ಯಾವಾಗ ಬೇಕಾದರೂ ನಿಮಗೆ ಬೇಕಾಗಬಹುದು. ನಾಳೆ ಬೇಕಾಗಲಿ, ಕ್ರಿಸ್‌ಮಸ್ ದಿನ ಬೇಕಾಗಲಿ, ನಮ್ಮ ಕಡೆಯಿಂದ ಒಂದೇ ಒಂದು ಅಡ್ಡಿ ಇಲ್ಲ. ಬರೋದು ಬೇರೆ ವಿಷಯ. ಅದಕ್ಕೆ ಬುಕಿಂಗ್ ಬೇಕು."

"ಪಾಸು ಇಲ್ಲದಾಗಲೂ ನಂಗೆ ಬೇಕಾಗ್ತಾನೇ ಇತ್ತಲ್ಲಪ್ಪಾ."

ಶ್ರೀ ವಿಕ್ಸ್ ಅವರ ಮುಖ ಗಂಭೀರವಾಯಿತು. "ಅದು ಅನಧಿಕೃತ, ಮೇಡಂ. ಅದರ ಬಗ್ಗೆ ನಾವು ಇದುವರೆಗೆ ಯಾವ ಕ್ರಮವನ್ನೂ ಕೈಗೊಂಡಿಲ್ಲ ಅನ್ನೋದನ್ನ ದಯವಿಟ್ಟು ಗಮನದಲ್ಲಿಡಿ."

ಅರ್ಲೀನ್ ಅವರಿಗೆ ಥ್ಯಾಂಕ್ಸ್ ಹೇಳಿ ಹೊರಗೆ ಬಂದಳು. ಬೇರೇನು ಹೇಳಲು ಸಾಧ್ಯ, ನೀವೇ ಹೇಳಿ. ಸಲಾಡನ್ನು ಕಾರು ನಿಲ್ಲಿಸುವ ಬಯಲಿನಲ್ಲಿ ಕೂತು ತಿಂದೆವು. ಗೋಡೆಯಾಚೆಯಿಂದ ಬಾತುಕೋಳಿಗಳ ಕ್ವಾಕ್ ಕ್ವಾಕ್ ಧ್ವನಿಮುದ್ರಿಕೆ ಕೇಳುತ್ತಿತ್ತು. ಜೂನಿ ಒಂದು ಚಮಚವನ್ನು ಚುಕ್ಕಾಣಿ ಮಾಡಿಕೊಂಡು ತಿರುಗಿಸುತ್ತಿದ್ದಳು.

ಆಮೇಲೆ ಬುಕಿಂಗ್‌ಗೆ ಕೈ ಹಾಕಿದಳು ಅರ್ಲೀನ್. ಬೆಳಗಾಗೆದ್ದು ಕಾಫಿಗಿಂತ ಮೊದಲು ಫೋನು ಹಿಡಿಯುವಳು. ಕ್ಯಾಲೆಂಡರಿನಲ್ಲಿ ಎಲ್ಲ ದಿನಗಳೂ ಕೆಂಪಗೆ ಇರುತ್ತಿದ್ದವು. ಒಮ್ಮೆ ಒಂದು ಮಂಗಳವಾರ ಹಸಿರಾಯಿತು. ಒತ್ತುವಷ್ಟರಲ್ಲಿ ಅದೂ ಕೆಂಪಾಯಿತು. ಅರ್ಲೀನ್ ಕಿರುಚಿದ್ದಕ್ಕೆ ನಾನು ಮನೆಗೆ ಕಳ್ಳ ನುಗ್ಗಿದ ಅಂತ ಬಾಣಲೆ ಹಿಡಿದು ಓಡಿ ಹೋಗಿದ್ದೆ.

ಜನರ ಕಷ್ಟವನ್ನು ಮನಗಂಡ ಆಡಳಿತ ಮಂಡಳಿಯು ಕೂಡಲೇ ಒಂದು ಪ್ರಕಟಣೆ ಹೊರಡಿಸಿತು:

"ಸ್ಥಳ ಲಭ್ಯವಿಲ್ಲದ ಬಗ್ಗೆ ಮಾನ್ಯ ಪಾಸುದಾರರಿಂದ ದೂರುಗಳು ಬಂದಿರುವುದರಿಂದ, ಸ್ಥಳ ಲಭ್ಯವಿಲ್ಲದಿರುವಿಕೆಯನ್ನು ಇನ್ನು ಮುಂದೆ ಮೂರು ಉತ್ತಮ ದರ್ಜೆಗಳಲ್ಲಿ ಒದಗಿಸಲಾಗುವುದು. ತಾಮ್ರದ ಪಾಸಿನವರಿಗೆ ಸ್ಥಳವಿಲ್ಲ ಎಂದು ತಿಳಿಸಲಾಗುವುದು. ಬೆಳ್ಳಿ ಪಾಸಿನವರಿಗೆ ಅದನ್ನೇ ಒಂದು ಗಂಟೆ ಮುಂಚಿತವಾಗಿ ತಿಳಿಸಲಾಗುವುದು. ಮುತ್ತಿನ ಪಾಸಿನವರಿಗೆ ಸ್ವತಃ ಮನುಷ್ಯರೊಬ್ಬರು ದೂರವಾಣಿಯಲ್ಲಿ ವಿಷಾದ ವ್ಯಕ್ತಪಡಿಸುವರು."

ಚರ್ಚಿನ ಸಹಭೋಜನದಲ್ಲಿ ಮಾತೇ ಬದಲಾಯಿತು. ಮೊದಲೆಲ್ಲ ಯಾರ ಮಂಡಿ ನೋವು ಹೇಗಿದೆ, ಯಾರ ಮಗಳು ಯಾರನ್ನು ಬಿಟ್ಟಳು ಅಂತ ಮಾತಾಡುತ್ತಿದ್ದೆವು. ಈಗ ಪಾದ್ರಿಯ ಹೆಂಡತಿ ಕೋಳಿ ಬಡಿಸುತ್ತಾ, "ನಮಗೆ ಬೆಳ್ಳಿ, ಇಲ್ಲ ಅಂತ ಎಲ್ಲರಿಗಿಂತ ಮೊದಲೇ ಗೊತ್ತಾಗಿಬಿಡುತ್ತೆ ನೋಡಿ, ಮನಸ್ಸಿಗೆ ನೆಮ್ಮದಿ" ಅನ್ನುವಳು. ತಾಮ್ರದವರು ತಲೆ ತಗ್ಗಿಸಿಕೊಂಡು ಬೀನ್ಸ್ ತಿನ್ನುವರು. ನಾನೂ ತಾಮ್ರ ತೆಗೆದುಕೊಂಡೆ. ಉದ್ಯಾನಕ್ಕೆ ಹೋಗುವ ಆಸೆ ನನಗಿರಲಿಲ್ಲ. ಊಟಕ್ಕೆ ಕೂರಲು ಜಾಗ ಬೇಕಲ್ಲ.

ಈ ನಡುವೆ ಲಾನಿ ಒಂದು ಅಪಚಾರ ಮಾಡಿದ. ಕಾಲುವೆಯಲ್ಲಿ ಮೀನು ಹಿಡಿಯಲು ಹೋದವನು ದುರ್ಬೀನು ತೆಗೆದು ಬೇಲಿಯ ಸಂದಿಯಿಂದ ಉದ್ಯಾನದ ಒಳಗೆ ನೋಡಿದ. ಮೀನು ಬಿಟ್ಟು ಓಡಿ ಬಂದ.

"ಅರ್ಲೀನ್! ಒಳಗೆ ಒಂದು ನರಪಿಳ್ಳೆ ಇಲ್ಲ ಕಣೇ! ಮರದ ಕುದುರೆಗಳು ಸುಮ್ಮನೆ ಸುತ್ತುತಾ ಇವೆ, ಮೇಲೆ ಕೊಕ್ಕರೆ ಕೂತಿವೆ!"

ಮರುದಿನವೇ ಅರ್ಲೀನ್ ಜೂನಿಯ ಕೈ ಹಿಡಿದು ಶ್ರೀ ವಿಕ್ಸ್ ಅವರ ಎದುರು ನಿಂತಳು. ಅಷ್ಟು ಹೊತ್ತಿಗೆ ನಾಲ್ಕು ಬೆರಳಿನ ಸಂದು ಒಂದು ಬೆರಳಿಗೆ ಬಂದಿತ್ತು.

"ಒಳಗೆ ಖಾಲಿ ಇದೆಯಂತಲ್ಲ ಸಾರ್?"

"ಖಾಲಿ ಅಲ್ಲ ಮೇಡಂ, ಭರ್ತಿ. ಎಲ್ಲ ಜಾಗವನ್ನೂ ಮುತ್ತಿನ ಪಾಸಿನವರಿಗೆ ಮೀಸಲಿಟ್ಟಿದ್ದೇವೆ."

"ಮತ್ತೆ ಅವರು ಯಾಕೆ ಬಂದಿಲ್ಲ?"

"ಅವರಿಗೆ ಬುಕಿಂಗ್ ಸಿಕ್ಕಿಲ್ಲ."

"ಯಾಕೆ ಸಿಕ್ಕಿಲ್ಲ?"

"ಜಾಗವೆಲ್ಲ ಮೀಸಲಾಗಿದೆಯಲ್ಲ, ಮೇಡಂ." ಶ್ರೀ ವಿಕ್ಸ್ ತಾಳ್ಮೆಯಿಂದ ಟೈ ಸರಿಪಡಿಸಿಕೊಂಡರು. "ಜನ ಒಳಗೆ ಬರ್ತಿದ್ದಾಗ ಕ್ಯೂ ಅಂತ ದೂರು, ಬಿಸಿಲು ಅಂತ ದೂರು, ಪಾಪ್‌ಕಾರ್ನ್ ಮೆತ್ತಗಿದೆ ಅಂತ ದೂರು. ಈಗ ಒಳಗಿನವರಿಂದ ಒಂದು ದೂರಿಲ್ಲ. ದೇಶದಲ್ಲೇ ಅತ್ಯಂತ ತೃಪ್ತಿಕರ ಉದ್ಯಾನ ಅಂತ ನಮಗೆ ಪ್ರಶಸ್ತಿ ಬಂದಿದೆ."

ಗೋಡೆಯ ಮೇಲೆ ಪ್ರಶಸ್ತಿ ಇತ್ತು. ಸುಳ್ಳು ಹೇಳುವ ಮನುಷ್ಯನಲ್ಲ.

ಅರ್ಲೀನಳ ದನಿ ಇಳಿಯಿತು. "ಸಾರ್, ನಂಗೆ ಏನೂ ಬೇಡ. ಈ ಮಗು ಒಂದೇ ಒಂದು ಸಲ ಬಾತುಕೋಳಿ ಓಡಿಸ್ಲಿ. ಇವಳು ಬೆಳೀತಾ ಇದ್ದಾಳೆ. ಒಂದು ತಿಂಗಳು ಹೋದ್ರೆ ಕೊಕ್ಕು ತಲೆಗೆ ತಾಗುತ್ತೆ."

"ಅಯ್ಯೋ, ಇಷ್ಟೇನಾ? ಮೊದಲೇ ಹೇಳಬಾರದಾ?" ಶ್ರೀ ವಿಕ್ಸ್ ಎದ್ದು ನಿಂತರು. ಒಂದು ಗಳಿಗೆ ಅಜ್ಜಿ ಮೊಮ್ಮಗಳಿಬ್ಬರೂ ಅವರು ಒಳಗಿನ ಬಾಗಿಲು ತೆರೆಯುತ್ತಾರೆ ಅಂದುಕೊಂಡರು. ಜೂನಿ ಶೂಗಳ ದಾರವನ್ನು ಬಿಗಿ ಮಾಡಿಕೊಂಡಳು. ಅವರು ಬೀರು ತೆರೆದು ಅಳತೆ ಟೇಪು ತೆಗೆದರು. "ಎತ್ತರ ಸಂರಕ್ಷಣಾ ಸೌಲಭ್ಯ ಅಂತ ಇದೆ. ಸಣ್ಣ ಶುಲ್ಕ. ಇವತ್ತಿನ ಎತ್ತರವೇ ಇವಳ ಅಧಿಕೃತ ಎತ್ತರ. ಎಷ್ಟು ಬೆಳೆದರೂ ನಮ್ಮ ದೃಷ್ಟಿಯಲ್ಲಿ ಇವಳು ಇಷ್ಟೇ."

ಜೂನಿಯನ್ನು ಗೋಡೆಗೆ ನಿಲ್ಲಿಸಿ ಅಳೆದರು. ಅವಳು ಉಸಿರು ಬಿಗಿಹಿಡಿದು, ಮೊಣಕಾಲು ಒಂಚೂರು ಬಗ್ಗಿಸಿ ನಿಂತಿದ್ದಳು. ಶ್ರೀ ವಿಕ್ಸ್ ನೋಡಿಯೂ ನೋಡದಂತಿದ್ದರು. ಮನುಷ್ಯತ್ವ ಇತ್ತು ಅವರಲ್ಲಿ. ಬಗ್ಗಿಸಿದ ಮೊಣಕಾಲಿಗೆ ಮಾತ್ರ ಬೇರೆ ಶುಲ್ಕ ತೆಗೆದುಕೊಂಡರು.

ಆ ವರ್ಷವೂ ಎ.ಸಿ. ರಿಪೇರಿಯಾಗಲಿಲ್ಲ, ಮುಂದಿನ ವರ್ಷವೂ ಆಗಲಿಲ್ಲ. ಸೌಲಭ್ಯವನ್ನು ವರ್ಷಾವರ್ಷ ನವೀಕರಿಸಬೇಕಿತ್ತು. ಬಿಟ್ಟರೆ ಹುಡುಗಿ ಒಂದೇ ಏಟಿಗೆ ಬೆಳೆದುಬಿಡುತ್ತಾಳಲ್ಲ. ಜೂನಿ ದಿನಸಿ ಅಂಗಡಿಯ ಬಾತುಕೋಳಿಯ ಕೊಕ್ಕು ದಾಟಿದಳು, ಆಮೇಲೆ ಅದರ ತಲೆ ದಾಟಿದಳು, ಆಮೇಲೆ ಅಜ್ಜಿಯನ್ನೇ ದಾಟಿದಳು. ಮನೆಯ ಬಾಗಿಲಲ್ಲಿ ಅವಳು ತಲೆ ಬಗ್ಗಿಸಿ ಬರುವಾಗ ಲಾನಿ, "ಹುಷಾರಮ್ಮಾ ಪುಟಾಣಿ, ಹಣೆ ಹೊಡೆದೀತು" ಅನ್ನುತ್ತಿದ್ದ. ಮೊದಮೊದಲು ನಗುತ್ತಾ ಅಂದ. ಆಮೇಲೆ ಅಭ್ಯಾಸವಾಗಿ, ನಗದೆಯೇ ಅನ್ನತೊಡಗಿದ.

ಶಾಲೆ ಮುಗಿಸಿದ ಜೂನಿ ಒಂದು ವಿಷಯ ಕಂಡುಹಿಡಿದಳು. ಬುಕಿಂಗ್ ಇಲ್ಲದೆ ಉದ್ಯಾನದ ಒಳಗೆ ಹೋಗುವ ಗೇಟು ಒಂದೇ ಇದೆ, ಸಿಬ್ಬಂದಿಯ ಗೇಟು. ಅಲ್ಲೇ ಕೆಲಸಕ್ಕೆ ಸೇರಿದಳು. ಮೊದಲ ದಿನ ಅವಳು ಒಳಗೆ ಹೋಗುವುದನ್ನು ನೋಡಲು ಬೀದಿಯವರೆಲ್ಲ ಕಾರು ಮಾಡಿಕೊಂಡು ಹೋಗಿದ್ದೆವು. ಅರ್ಲೀನ್ ಅತ್ತಳು. ಜೂನಿ ಕೊಳದ ಪಕ್ಕದಲ್ಲೇ ಹಾದು ಹೋದಳಂತೆ. ಆದರೆ ನಿಯಮ ಏನಪ್ಪಾ ಅಂದರೆ, ಕೆಲಸದ ಹೊತ್ತಿನಲ್ಲಿ ಅವಳು ಸಿಬ್ಬಂದಿ, ದೋಣಿ ಹತ್ತುವಂತಿಲ್ಲ. ಕೆಲಸ ಮುಗಿದ ಮೇಲೆ ಸಾರ್ವಜನಿಕರಲ್ಲೊಬ್ಬಳು, ಒಳಗೆ ಇರುವಂತಿಲ್ಲ. ಎತ್ತರದ ಬಗ್ಗೆ ಮಾತ್ರ ಯಾರೂ ತಕರಾರು ಮಾಡಲಿಲ್ಲ. ಅದು ಸಂರಕ್ಷಿತವಾಗಿತ್ತು.

ಮೊನ್ನೆ ಅರ್ಲೀನಳ ಹುಟ್ಟುಹಬ್ಬ. ನಾವೆಲ್ಲ ಕೂಡಿ ಅವಳಿಗೆ ಮುತ್ತಿನ ಪಾಸು ಕೊಡಿಸಿದೆವು. ವರಾಂಡದಲ್ಲಿ ತಣ್ಣನೆಯ ಸಿಹಿ ಚಹಾ ಕುಡಿಯುತ್ತಾ ಅವಳು ಬುಕಿಂಗ್‌ಗೆ ಫೋನು ಮಾಡಿದಳು. ಎಲ್ಲರಿಗೂ ಕೇಳಲಿ ಅಂತ ಫೋನಿನ ದನಿ ಜೋರು ಮಾಡಿದ್ದಳು.

"ಪೆಲಿಕನ್ ಕೊಲ್ಲಿಗೆ ಸ್ವಾಗತ. ತಮಗೆ ಯಾವಾಗ ಬೇಕಾಗಿದೆ, ಮೇಡಂ?"

"ಜೂನಿ? ನೀನೇನೇ?"

ಆಚೆ ಕಡೆ ದನಿ ತಗ್ಗಿತು. "ಅಜ್ಜೀ, ರೆಕಾರ್ಡ್ ಆಗುತ್ತೆ, ಸುಮ್ನಿರು." ಮತ್ತೆ ಜೋರಾಗಿ, "ತಮಗೆ ಯಾವಾಗ ಬೇಕಾಗಿದೆ, ಮೇಡಂ?"

"ನಾಳೆ ಕಣೇ. ಒಬ್ಬಳಿಗೆ. ದಡದಲ್ಲಿ ನಿಂತು ಕೈ ಬೀಸೋಕೆ."

ಆಚೆ ಕಡೆಯಿಂದ ಆ ಕ್ವಾಕ್ ಕ್ವಾಕ್ ಕೇಳಿಸಿತು.

"ನಾಳೆ ಸ್ಥಳ ಲಭ್ಯವಿಲ್ಲದಿರುವುದಕ್ಕೆ ಸಂಸ್ಥೆಯ ಪರವಾಗಿ ಹೃತ್ಪೂರ್ವಕವಾಗಿ ವಿಷಾದಿಸ್ತೀನಿ, ಮೇಡಂ."

"ಇರಲಿ ಬಿಡಮ್ಮಾ. ಬಾತುಕೋಳಿಗಳು ಹೇಗಿವೆ?"

"ಚೆನ್ನಾಗಿವೆ, ಅಜ್ಜಿ. ಹೊಸದರ ಹಾಗೇ ಇವೆ. ಯಾರೂ ಹತ್ತಿಲ್ಲವಲ್ಲ, ಒಂದೂ ಸವೆದಿಲ್ಲ."

ಅರ್ಲೀನ್ ಫೋನು ಕೆಳಗಿಟ್ಟು, ಕಣ್ಣೊರೆಸಿಕೊಂಡು, ನಮ್ಮೆಲ್ಲರ ಮುಖ ನೋಡಿದಳು. "ಎಷ್ಟು ಚೆನ್ನಾಗಿ ಇಲ್ಲ ಅಂದ್ಲು, ಕೇಳಿದ್ರಾ?"

"ನಮ್ಮ ವಂಶದಲ್ಲೇ ಒಳಗೆ ಹೋದವಳು ಅವಳೊಬ್ಬಳೇ," ಅಂದ ಲಾನಿ, ಬೀಸಣಿಗೆಯಿಂದ ಬೆವರು ಆರಿಸಿಕೊಳ್ಳುತ್ತಾ.

ಎಲ್ಲರೂ ಹೌದೆಂದೆವು. ಸಿಬ್ಬಂದಿಯ ಕುಟುಂಬದವರಿಗೆ ಬೇಕಾಗುವುದು ಈ ವರ್ಷದಿಂದ ಅರ್ಧ ಬೆಲೆಯಂತೆ, ಅರ್ಲೀನಳಿಗೆ ಅನುಕೂಲವಾಯಿತು. ಅಲ್ಲಿ ನನ್ನವರು ಯಾರೂ ಕೆಲಸಕ್ಕಿಲ್ಲ, ಹಾಗಾಗಿ ನನ್ನದು ಪೂರ್ತಿ ಬೆಲೆ. ಆದರೂ ಕಟ್ಟಿ ಬಂದಿದ್ದೇನೆ. ಪಾಸಿಲ್ಲದ ಹೊತ್ತಿನಲ್ಲಿ ಏನಾದರೂ ಬೇಕು ಅನ್ನಿಸಿಬಿಟ್ಟರೆ, ಈ ವಯಸ್ಸಿನಲ್ಲಿ ಶ್ರೀ ವಿಕ್ಸ್ ಅವರ ಕ್ರಮ ಎದುರಿಸುವವರು ಯಾರು?